ವತ್ಸನಾಭಿ ಐದು ಪಾಲು

ಅಕ್ಕಿ ಸಾರಾಯಿಯಲ್ಲಿ ತಿಂಗಳುಗಟ್ಟಲೆ ನೆನೆದ ಬೇರುಗಳ ವಾಸನೆಯೆಂದರೆ ವಾಯ್‌ಲಾನ್‌ಗೆ ಬಾಲ್ಯವೇ. ಮರಳಿನ ಚೀಲ ಗುದ್ದಿ ಬಂದ ಶಿಷ್ಯರ ಕೈಗೆ, ಕುಂಗ್‌ಫೂ ಕಲಿಸುತ್ತಿದ್ದ ಅಪ್ಪ ಆ ಮದ್ದು ತಿಕ್ಕುತ್ತಿದ್ದರು. ಈಗ ಅಪ್ಪ ಇಲ್ಲ. ಅವರ ಹನ್ನೊಂದು ನೋಟುಪುಸ್ತಕಗಳನ್ನು ಅವಳೇ ಎರಡು ವರ್ಷ ಕೂತು ಜೋಡಿಸಿ, ತಿದ್ದಿ, ಶಾಮ್ ಶುಯ್ ಪೋ ಪೇಟೆಯ ಅಚ್ಚುಕೂಟಕ್ಕೆ ಕೊಟ್ಟಿದ್ದಳು.

ತಿದ್ದಲೇಬೇಕಿತ್ತು. ಕದ್ದು ಓದುವವರಿಗೆ ದಕ್ಕಬಾರದೆಂದು ಅಪ್ಪನ ಕಾಲದ ಗುರುಗಳು ಮದ್ದಿನ ಒಂದು ಅಳತೆಯನ್ನು ಬೇಕೆಂದೇ ತಪ್ಪು ಬರೆಯುತ್ತಿದ್ದರು. ಸರಿಯಾದದ್ದು ಮಂಡಿಯೂರಿ ಚಹಾ ಕೊಟ್ಟು ಶಿಷ್ಯನಾದವನ ಕಿವಿಗೆ ಮಾತ್ರ. ಅಪ್ಪ ಬರೆದದ್ದು ವತ್ಸನಾಭಿಯೆಂಬ ವಿಷದ ಬೇರು ಐದು ಪಾಲು. ಹಾಕುತ್ತಿದ್ದದ್ದು ಅರ್ಧ ಪಾಲು. ಎಷ್ಟೋ ವರ್ಷ ತೂಗಿಕೊಟ್ಟವಳು ಅವಳೇ.

ಇಂದು ಅಚ್ಚುಕೂಟದಲ್ಲಿ ಕೊನೆಯ ಪ್ರೂಫ್ ನೋಡಿದರೆ ಮತ್ತೆ ಐದು ಪಾಲು.

"ಯಾರು ಮಾಡಿದ್ದು ಇದು, ಅಣ್ಣಾ?"

ಅಪ್ಪನ ಹಿರಿಯ ಶಿಷ್ಯ ಟುಂಗ್ ಹಲ್ಲುಕಡ್ಡಿ ಕಚ್ಚಿಕೊಂಡೇ ನಕ್ಕ. "ಗುರುಗಳು ಬರೆದದ್ದನ್ನ ತಿದ್ದೋಕೆ ನೀನ್ಯಾರಮ್ಮ?"

"ಚರ್ಮ ಸುಟ್ಟುಹೋಗತ್ತೆ. ಗಾಯದೊಳಗೆ ಇಳಿದ್ರೆ ಜೀವವೇ ಹೋಗತ್ತೆ."

"ಪುಸ್ತಕ ನೋಡಿ ವಿದ್ಯೆ ಕಲಿಯೋ ಮಹಾಶೂರರು! ಕೈ ಉರಿದ್ರೆ ಎಲ್ಲಿಗೆ ಹೋಗ್ತಾರೆ? ನನ್ನ ಮದ್ದಿನಂಗಡಿಗೇ ಬರ್ತಾರೆ. ಅಲ್ಲಾ ತಂಗೀ, ಬರೆದದ್ದು ನಿಮ್ಮಪ್ಪ ತಾನೇ?"

ಅವನ ಹಲ್ಲು, ಆ ಕಡ್ಡಿ, ಅದರ ತುದಿಯ ಎಂಜಲು, ಎಲ್ಲವೂ ಅವಳಿಗೆ ಹೇಸಿಗೆ. ಅಪ್ಪನ ಅಚ್ಚುಕಟ್ಟಾದ ಅಕ್ಷರವೂ ಅಷ್ಟೇ ಹೇಸಿಗೆಯಾಗಿ ಕಂಡಿತು. ಕಳ್ಳನಿಗೂ ನೋಯುವ ಕೈಗಳಿರುತ್ತವೆಂದು ಅದನ್ನು ಬರೆದ ಮನುಷ್ಯನಿಗೆ ಒಮ್ಮೆಯೂ ಹೊಳೆಯಲಿಲ್ಲವೇ?

ಅಚ್ಚಿನ ಮೊಳೆ ಜೋಡಿಸುವ ಮುದುಕ ಪುಯ್ ಕಡೆ ತಿರುಗಿದಳು. "ಪುಯ್ ಮಾಮ, ಈ ಪುಟವೇ ಬೇಡ, ಬಿಚ್ಚಿಬಿಡಿ."

"ಆ ಮದ್ದಿಲ್ಲದೆ ಪುಸ್ತಕ ಯಾವನಿಗೆ ಬೇಕು?" ಟುಂಗ್ ಕೂಗಿದ. "ನಮ್ಮ ಶಿಷ್ಯರಲ್ಲಿ ಒಬ್ಬನೂ ಮುಟ್ಟಲ್ಲ!"

"ಮುಟ್ಟದಿದ್ರೆ ಬೇಡ. ಅರ್ಧ ಅಂತ ಹಾಕಿದ್ರೆ ನೀವು ಮತ್ತೆ ಐದು ಮಾಡ್ತೀರಿ. ನೋಟುಪುಸ್ತಕ ನಂದು, ಮಾಮ. ಬಿಚ್ಚಿ."

ಟುಂಗ್ ಕಡ್ಡಿಯನ್ನು ಪ್ರೂಫಿನ ಮೇಲೇ ಉಗಿದು ಹೊರಟುಹೋದ.

ಪುಯ್ ಒಂದು ಚಿಂದಿಯಿಂದ ಅದನ್ನೆತ್ತಿ ಬಿಸಾಡಿದ. ಪುಟ ಕಟ್ಟಿದ್ದ ದಾರ ಬಿಚ್ಚಿ, ಸೀಸದ ಅಕ್ಷರಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿನ ಅವುಗಳ ಮನೆಗೆ ಹಾಕತೊಡಗಿದ. ಕೊನೆಯ ಅಕ್ಷರ ಬೀಳುವವರೆಗೂ ಅವಳು ಕದಲಲಿಲ್ಲ.

ಪುಯ್ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪು ಹಚ್ಚಿ ಎರಡು ಸಲ ತೊಳೆದ. ತನ್ನ ಬುತ್ತಿ ತೆರೆದು, ಅನ್ನವನ್ನೂ ಉಪ್ಪುಮೀನನ್ನೂ ಮುಚ್ಚಳಕ್ಕೆ ಅರ್ಧ ಹಾಕಿ, ಅವಳ ಕೈಗಿತ್ತ.