ಹರಿದ ಆಯಿಲ್ ಸೀಲಿನ ತಕರಾರು

ನಾನು ಒಂದು ಆಯಿಲ್ ಸೀಲ್. ಹೆಸರು ಕೇಳಿ ಮೂಗು ಮುರಿಯಬೇಡಿ. ಅಂಗೈಯಲ್ಲಿ ಹಿಡಿಸುವ ರಬ್ಬರಿನ ಬಳೆ ಅಂದುಕೊಳ್ಳಿ. ಕಾರ್ಖಾನೆಯಲ್ಲಿ ಉಕ್ಕಿನ ಉಂಗುರಕ್ಕೆ ಬಿಸಿ ರಬ್ಬರು ಒತ್ತಿ ನನ್ನನ್ನು ಮಾಡಿದರು. ಒಳಗಿನ ಅಂಚಿಗೆ ತುಟಿ ಎನ್ನುತ್ತಾರೆ. ಅದು ಸಡಿಲವಾಗದಂತೆ ಸುತ್ತಲೂ ಒಂದು ತೆಳು ಸ್ಪ್ರಿಂಗು ಕೂರಿಸಿದರು. ಜೀಪಿನ ಹಿಂದಿನ ಆಕ್ಸಲ್ಲಿನ ತುದಿಯಲ್ಲಿ ಕೂತು ಒಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ನನ್ನ ಕೆಲಸ. ಆ ಕೆಲಸವನ್ನು ನಾನು ಸರಿಯಾಗಿಯೇ ಮಾಡಿದೆ. ಯಾರು ಏನೇ ಅನ್ನಲಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ಅಣ್ಣತಮ್ಮಂದಿರ ಜೊತೆ ತಂತಿಗೆ ನೇತಾಡುತ್ತಿದ್ದೆ. ಮೆಕ್ಯಾನಿಕ್ ಮುನೀರ್ ಬಂದು ನನ್ನನ್ನು ಕೊಂಡು ಹೋದ. ಅವನ ಶೆಡ್ಡಿನಲ್ಲಿ ಜಡೇಸ್ವಾಮಿಯ ಜೀಪು ಚಕ್ರ ಕಳಚಿಕೊಂಡು ನಿಂತಿತ್ತು. ನನಗಿಂತ ಮೊದಲು ಆ ಜಾಗದಲ್ಲಿದ್ದ ಸೀಲನ್ನು ಕಿತ್ತು ಕಸಕ್ಕೆ ಎಸೆದಿದ್ದರು. ಅದಕ್ಕೂ ಹಿಂದಿನದು ಅಲ್ಲೇ ಬಿದ್ದಿತ್ತು. "ಸೀಲ್ ಹೋಗೈತೆ" ಎಂಬ ಒಂದೇ ಮಾತಿನಲ್ಲಿ ಅವುಗಳ ಬಾಳು ಮುಗಿದಿತ್ತು. ನನಗೆ ಆಗಲೇ ಮೈ ಉರಿಯಿತು.

ಜಡೇಸ್ವಾಮಿ ಸೋಲಿಗರವನು. ಸೋಲಿಗರು ತಮ್ಮ ಊರನ್ನು ಪೋಡು ಎನ್ನುತ್ತಾರೆ. ಅವನ ಪೋಡು ಕಾಡಿನ ಗುಡ್ಡದ ಮೇಲಿದೆ, ಅಲ್ಲಿಗೆ ಬಸ್ಸಿಲ್ಲ. ಪಡಿತರ, ಜ್ವರದವರು, ಹೆರಿಗೆಯವರು ಎಲ್ಲ ಈ ಜೀಪಿನಲ್ಲೇ. ಜೀಪು ಬರುವ ಮೊದಲು ಬಸುರಿಯರನ್ನು ಬಟ್ಟೆಯ ಡೋಲಿಯಲ್ಲಿ ಹೊತ್ತು ಇಳಿಸುತ್ತಿದ್ದರಂತೆ. ಇಂಥ ಗಾಡಿಯಲ್ಲಿ ಕೆಲಸ ಸಿಕ್ಕಿತಲ್ಲ ಎಂದು ನಾನು ಬೀಗಿದೆ.

ಆದರೆ ಏರು ಹತ್ತಿ ಆಕ್ಸಲ್ ಕಾದಾಗಲೆಲ್ಲ ಒಳಗಿನ ಗಾಳಿ ಉಬ್ಬಿ ನನ್ನ ಬೆನ್ನಿಗೆ ಒತ್ತುತ್ತಿತ್ತು. ಆ ಗಾಳಿ ಹೊರಹೋಗಲೆಂದೇ ಆಕ್ಸಲ್ಲಿನ ನೆತ್ತಿಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಅದು ಮುಚ್ಚಿಹೋಗಿತ್ತು. ಎಣ್ಣೆಯನ್ನು ತಡೆ ಎಂದರೆ ತಡೆದೇನು. ಉಸಿರು ಕಟ್ಟಿದ ಆಕ್ಸಲ್ಲಿನ ರೊಚ್ಚನ್ನೂ ತಡೆ ಎಂದರೆ ಹೇಗೆ? ಎಣ್ಣೆ ನನ್ನ ತುಟಿಯನ್ನು ಎತ್ತಿ ದಾಟಿಕೊಂಡು ಬ್ರೇಕಿನ ಮೇಲೆ ಹರಿಯಿತು. ಒಂದು ಇಳಿಜಾರಿನಲ್ಲಿ ಬ್ರೇಕು ಜಾರಿ ಜೀಪು ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಕೂತಿದ್ದವರೆಲ್ಲ ಇಳಿದು ನಡೆದೇ ಹೋದರು. ಇನ್ನು ಯಾರೂ ಆ ಗಾಡಿ ಹತ್ತಕೂಡದು ಎಂದು ಪೋಡಿನ ಯಜಮಾನ ಬೇದೇಗೌಡ ಹೇಳಿಬಿಟ್ಟ. ಅವನ ಸೊಸೆಗೇ ದಿನ ತುಂಬುತ್ತಿತ್ತು.

ಜಡೇಸ್ವಾಮಿ ಮತ್ತೆ ಶೆಡ್ಡಿಗೆ ಬಂದ. "ಇದೊಂದ್ಸಲ ನೋಡು ಮುನೀರಣ್ಣ. ಆಗ್ನಿಲ್ಲ ಅಂದ್ರ ಗುಜರಿಗ ಹಾಕ್ಬುಡ್ತೀನಿ" ಎಂದ.

ಗಾಡಿ ಇನ್ನೂ ಬಿಸಿಯಾಗಿತ್ತು. ಎಣ್ಣೆ ಇಳಿಸಲು ಮುನೀರ್ ಬಿರಡೆ ಬಿಚ್ಚಿದ. ಗಾಳಿ ಬುಸ್ಸೆಂದು ನುಗ್ಗಿ ಅವನ ಮುಖಕ್ಕೆಲ್ಲ ಎಣ್ಣೆ ಎರಚಿತು. ನನಗೆ ಪರಮಾನಂದವಾಯಿತು. ಅವನು "ಡೂಪ್ಲಿಕೇಟ್ ಮಾಲು" ಎಂದು ನನ್ನನ್ನೇ ಬೈಯುತ್ತ ಸ್ಕ್ರೂಡ್ರೈವರ್ ಹಾಕಿ ಮೀಟಿದ. ನನ್ನ ತುಟಿ ಹರಿದದ್ದು ಆಗ, ಅವನ ಕೈಯಿಂದ. ಹೊರಗೆ ತೆಗೆದು ತಿರುಗಿಸಿ ನೋಡಿದ. ಅವನು ಹರಿದ ಜಾಗ ಬಿಟ್ಟರೆ ಎಲ್ಲಿಯೂ ಸವೆದಿರಲಿಲ್ಲ. ಸ್ಪ್ರಿಂಗು ಬಿಗಿಯಾಗಿಯೇ ಇತ್ತು. ಆಮೇಲೆ ಅವನಿಗೆ ಆ ಬುಸ್ಸೆಂಬ ಗಾಳಿ ನೆನಪಾಯಿತು. ಆಕ್ಸಲ್ಲಿನ ನೆತ್ತಿ ಒರೆಸಿದರೆ ಕಿಂಡಿಯ ಮೇಲೆ ಬೆಳ್ಳಿ ಬಣ್ಣ ದಪ್ಪಗೆ ಕೂತಿದೆ.

"ಇಲ್ಲೆಲ್ಲ ಬಣ್ಣ ಯಾರಪ್ಪ ಬಳಿದಿದ್ದು?"

"ನಮ್ಮ ಕೇತಮ್ಮ. ಆಯುಧಪೂಜೆಗ ವರ್ಸ ವರ್ಸ ತಳಕ್ಕೂ ಬಳೀತಾಳ. ಕಾಣೋ ಕಡೆಗ ಮಾತ್ರ ಬಳುದ್ರ ದ್ಯಾವ್ರಿಗ ಮೋಸ ಮಾಡ್ದಂಗ ಅಂತಾಳ."

ಮುನೀರ್ ಬಣ್ಣ ಕೆರೆದು ಕಿಂಡಿ ಬಿಡಿಸಿದ. ಬ್ರೇಕಿಗೆ ಹೊಸ ಪಟ್ಟಿ ಹಾಕಿ ನನ್ನ ಜಾಗದಲ್ಲಿ ಹೊಸಬನನ್ನು ಕೂರಿಸಿದ. ಹೆಂಡತಿಗೆ ತೋರಿಸಲೆಂದು ಜಡೇಸ್ವಾಮಿ ನನ್ನನ್ನು ಜೇಬಿಗೆ ಹಾಕಿಕೊಂಡ. ಶೆಡ್ಡಿನಲ್ಲಿ ನಡೆದದ್ದನ್ನು ಊಟಕ್ಕೆ ಕೂತಾಗ ಕೇಳಿ ಕೇತಮ್ಮ ತಟ್ಟೆ ಪಕ್ಕಕ್ಕೆ ಸರಿಸಿ ಕೂತುಬಿಟ್ಟಳು.

ಮರುದಿನವೇ ಬೇದೇಗೌಡನ ಸೊಸೆಗೆ ನೋವು ಶುರುವಾಯಿತು. ಗಂಡಸರು ಡೋಲಿ ಕಟ್ಟುತ್ತಿದ್ದರು. ಜಡೇಸ್ವಾಮಿ ಜೀಪು ತಂದು ನಿಲ್ಲಿಸಿದ. ಹೆಂಡತಿಯ ಮರ್ಯಾದೆ ಉಳಿಸಬೇಕಲ್ಲ, ಹಳೆಯ ಮಾತನ್ನೇ ಹೇಳಿದ: "ಸೀಲ್ ಹೋಗಿತ್ತು ಕನಣ್ಣ. ಹೊಸದ ಹಾಕ್ಸಿವ್ನಿ."

"ಹೋದ್ಸಲವೂ ನೀ ಇದ್ನೇ ಅಂದಿದ್ದ" ಎಂದು ಬೇದೇಗೌಡ ಡೋಲಿಯ ಕಡೆ ತಿರುಗಿದ.

ನಾನು ಜೇಬಿನಲ್ಲಿ ಕುದ್ದುಹೋದೆ. ಕೇತಮ್ಮ ಬಂದವಳೇ ಗಂಡನ ಜೇಬಿಗೆ ಕೈಹಾಕಿ ನನ್ನನ್ನು ತೆಗೆದು ಯಜಮಾನನ ಮುಂದೆ ಹಿಡಿದಳು. "ಸೀಲು ಹೋಗಿರ್ನಿಲ್ಲ ಮಾವ. ನಾನು ಬಣ್ಣ ಬಳ್ದು ಅದ್ರ ಗಾಳಿಕಿಂಡಿ ಮುಚ್ಚಿದ್ದಿ. ಅದ್ಕೇ ಎಣ್ಣ ಸೋರ್ತಿತ್ತು. ಈಗ ಬುಡ್ಸವ್ರ. ನಾನೂ ಕೂತ್ಕತೀನಿ, ಕಳ್ಸು" ಎಂದು ಹೇಳಿ ಜೀಪು ಹತ್ತಿದಳು. ಅಷ್ಟು ಜನರ ಮುಂದೆ ಅವಳ ದನಿ ಒಂದಿಷ್ಟೂ ತಗ್ಗಲಿಲ್ಲ.

ಬೇದೇಗೌಡ ನನ್ನನ್ನು ಕೈಗೆ ತೆಗೆದುಕೊಂಡ. ಹಿಂದೆ ಮುಂದೆ ನೋಡಿದ. ಆಮೇಲೆ ಸೊಸೆಗೆ, "ಹತ್ತವ್ವ" ಎಂದ. ಜೀಪು ಇಳಿಯತೊಡಗಿತು. ಅದು ಹಿಂದೆ ಗುದ್ದಿದ್ದ ದಿಬ್ಬದ ತಿರುವು ದಾಟಿದ ಸದ್ದು ಕೇಳುವವರೆಗೂ ಮುದುಕ ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದ. ಸಂಜೆಗೆ ಹೆಣ್ಣು ಮಗುವಿನ ಸುದ್ದಿ ಬಂತು.

ಈಗ ನಾನು ಬೇದೇಗೌಡನ ಮನೆಯ ಗೂಡಿನಲ್ಲಿದ್ದೇನೆ. ರಬ್ಬರು ಒಣಗಿ ಬಿರುಕು ಬಿಟ್ಟಿದೆ. ಇದೇನೆಂದು ಯಾರಾದರೂ ಕೇಳಿದರೆ, "ಜೀಪಿನ ಸೀಲು. ಇದ್ರ ತಪ್ಪೇನೂ ಇರ್ನಿಲ್ಲ" ಎನ್ನುತ್ತಾನೆ. ಅಷ್ಟು ಸಾಕೇ ನನಗೆ? ಸಾಲದು. ಆ ಮಾತನ್ನು ಮುನೀರನ ಬಾಯಿಂದ ಕೇಳುವವರೆಗೆ ನಾನು ಪುಡಿಯಾಗುವುದಿಲ್ಲ.