ಅತ್ತೆಯ ತಲೆ ಮೇಲಿನ ಹುಣ್ಣಿಮೆ

ನಾನು ಡ್ರಾಯಿಂಗ್ ಟೀಚರು. ವಿಜ್ಞಾನದ ಮೇಷ್ಟ್ರು ಕಾಲು ಮುರಿದುಕೊಂಡು ಮಲಗಿದ್ದೇ ತಡ, ಚಂದ್ರನನ್ನು ತಂದು ನನ್ನ ತಲೆಗೆ ಕಟ್ಟಿದರು. ಚಂದ್ರನ ಚಿತ್ರ ಬರೆಯುವವಳಿಗೆ ಚಂದ್ರನ ಪಾಠ ಬರಲೇಬೇಕಂತೆ. ನಾಳೆ ಹೆಡ್ ಮೇಡಂ ಬಂದು ಕೂತು ಪಾಠ ಕೇಳುತ್ತಾರೆ. ಹಿಡಿಸಿದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು.

ಸಂಜೆ ಮನೆಯಲ್ಲೇ ಅಭ್ಯಾಸಕ್ಕಿಳಿದೆ. ಕಿಟಕಿ ಮುಚ್ಚಿ, ಗಂಡನ ಕೈಗೆ ಟಾರ್ಚ್ ಕೊಟ್ಟು ಸೂರ್ಯನನ್ನಾಗಿ ಮಾಡಿದೆ. ಎತ್ತರದ ಸ್ಟೂಲಿನ ಮೇಲೆ ಕೂತ ಅತ್ತೆ ಭೂಮಿ. ಬಿಳಿ ಚೆಂಡು ಹಿಡಿದು ನಾನು ಅವರನ್ನು ಸುತ್ತಿದೆ. ಅರ್ಧಚಂದ್ರ ಸರಿಯಾಗಿಯೇ ಬಂದ. ಹುಣ್ಣಿಮೆ ಬರಬೇಕಾದ ಕಡೆ ಮಾತ್ರ ಅತ್ತೆಯ ತಲೆಯ ನೆರಳು ಬಿದ್ದು ಚೆಂಡು ಕಪ್ಪಾಯಿತು.

“ಇದೇನು ಹುಣ್ಣಿಮೆನಾ, ಗ್ರಹಣನಾ?” ಅತ್ತೆ ಕೇಳಿದರು. “ಹೀಗಾದ್ರೆ ತಿಂಗಳು ತಿಂಗಳೂ ಗ್ರಹಣ ಆಗ್ಬೇಕಲ್ವೇನೇ?”

ಪುಸ್ತಕ ತೆಗೆದೆ. ಚಂದ್ರನ ದಾರಿ ಸ್ವಲ್ಪ ಓರೆ ಎಂದಿತ್ತು. ಯಾವುದಕ್ಕೆ ಓರೆ, ಓರೆಯಾದರೆ ಏನೀಗ, ತಲೆಬುಡ ತಿಳಿಯಲಿಲ್ಲ. “ನೀವು ಟಾರ್ಚ್ ಹಿಡಿದಿರೋದೇ ಸರಿ ಇಲ್ಲ” ಎಂದು ಗಂಡನ ಮೇಲೆ ರೇಗಿದೆ.

“ಸೂರ್ಯನಿಗೇ ಬೈತೀಯಲ್ಲ, ಮಾರಾಯ್ತಿ” ಎಂದರು.

ಸೊಂಟ ಹಿಡಿಯಿತೆಂದು ಅತ್ತೆ ಇಳಿದು ಗಿಡ್ಡ ಸ್ಟೂಲಿಗೆ ಹೋದರು. ಈಗ ಬೆಳಕು ಅವರ ತಲೆಯ ಮೇಲಿಂದ ಹಾದು ಚೆಂಡನ್ನು ಪೂರ್ತಿ ಬೆಳಗಿತು. ಅಂದರೆ, ಓರೆ ದಾರಿಯಲ್ಲಿ ಹೋಗುವ ಚಂದ್ರ ಹೆಚ್ಚಿನ ತಿಂಗಳು ನಮ್ಮ ನೆರಳಿನ ಮೇಲೋ ಕೆಳಗೋ ನುಣುಚಿಕೊಳ್ಳುತ್ತಾನೆ. ಅರ್ಥವಾಯಿತು ಅಂದುಕೊಂಡೆ.

ಮರುದಿನ ತರಗತಿಯಲ್ಲಿ ಹೆಡ್ ಮೇಡಂ, ತಾವೇ ಭೂಮಿಯಾಗುತ್ತೇನೆಂದು ದೀಪದ ಮುಂದೆ ಬಂದು ಕೂತುಬಿಟ್ಟರು. ಅವರು ಕೂತರೂ ನಿಂತ ಹಾಗೆ, ಅಷ್ಟೆತ್ತರ. ಚೆಂಡು ಕಪ್ಪಾಯಿತು. ಮಕ್ಕಳು ಮುಸಿಮುಸಿ ನಕ್ಕರು. ನಾನು ಕಲಿತದ್ದೆಲ್ಲ ಕಲಸುಮೇಲೋಗರ. ಕೆಲಸ ಹೋಯಿತು ಎಂದೇ ಅನಿಸಿತು.

“ಮೇಡಂ, ಸ್ವಲ್ಪ ಬಗ್ತೀರಾ? ಕಣ್ಣು ಮಾತ್ರ ಚೆಂಡಿನ ಮೇಲಿರ್ಲಿ” ಎಂದೆ.

ಅವರಿಗೆ ಬಗ್ಗಿ ಎಂದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಅವರು ನಿಧಾನವಾಗಿ ಬಗ್ಗಿದರು. ಚೆಂಡು ದುಂಡಗೆ ಬೆಳಗಿತು.

ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೇಳಿದರು: “ಇದನ್ನ ಯಾರು ಹೇಳಿಕೊಟ್ರು ನಿಮಗೆ?”

“ನಮ್ಮತ್ತೆ, ಮೇಡಂ.”

“ಅವರೂ ವಿಜ್ಞಾನದ ಟೀಚರಾ?”

“ಅಲ್ಲ ಮೇಡಂ. ಸ್ವಲ್ಪ ಕುಳ್ಳಗಿದ್ದಾರೆ.”

ಅವರು ನಗಲೂ ಇಲ್ಲ, ಗದರಲೂ ಇಲ್ಲ. “ಕೆಲಸ ಕಾಯಂ ಅಂತ ಬರ್ಕೊಳ್ತೀನಿ. ನಾಳೆಯಿಂದ ಕರೆಂಟಿನ ಪಾಠನೂ ನೀವೇ ಮಾಡಿ.”

ಸಂಜೆ ಮನೆಯಲ್ಲಿ ಕರೆಂಟಿನ ಪಾಠ ಎಂದದ್ದೇ ತಡ, ಅತ್ತೆ ಸ್ಟೂಲಿನಿಂದ ಎದ್ದು ದೂರ ನಿಂತರು.