ಅರ್ಧ ಬೆರಳು

"ಈ ಕೋಟು ಈ ಕಾಗದದಿಂದ ಹುಟ್ಟಿದ್ದಲ್ಲ," ಎಂದು ಟೇಪಮ್ಮ ಮೂರನೆಯ ಸಲ ಹೇಳಿದರು.

ಉದ್ದನೆಯ ಮೇಜಿನ ಮೇಲೆ ಕಡುನೀಲಿ ಉಣ್ಣೆಯ ಕೋಟು ತೋಳು ಚಾಚಿಕೊಂಡು ಮಲಗಿತ್ತು. ಪಕ್ಕದಲ್ಲಿ, ಆ ಕೋಟಿನ ಅಳತೆಗಳನ್ನೆಲ್ಲ ಗೆರೆ ಹಾಕಿ ಬರೆದ ಕಂದು ಬಣ್ಣದ ಮಾದರಿ ಕಾಗದ. ಟೇಪಮ್ಮ ಕಾಗದದ ಹೆಗಲ ಮೇಲೆ ಟೇಪು ಇಟ್ಟರು, ಆಮೇಲೆ ಕೋಟಿನ ಹೆಗಲ ಮೇಲೆ ಇಟ್ಟರು. ಬಲಗಡೆ ಸರಿಯಾಗಿ ತಾಳೆಯಾಯಿತು. ಎಡಗಡೆ ಕೋಟು ಒಂದು ಸೆಂಟಿಮೀಟರ್ ತಗ್ಗಿತ್ತು. ಎದುರು ನಿಂತ ಹುಡುಗಿಗೆ ಅದು ಅಳೆಯದೆಯೇ ಗೊತ್ತಿತ್ತು. ಅವಳ ಅಮ್ಮನ ಲೆಕ್ಕದಲ್ಲಿ ಅದು ಅರ್ಧ ಬೆರಳು.

ಟೇಪಮ್ಮ ಅನ್ನುವುದು ಅವಳೂ ಅವಳ ಅಮ್ಮನೂ ಫೋನಿನಲ್ಲಿ ಮಾತಾಡಿಕೊಳ್ಳುವಾಗ ಇಟ್ಟ ಹೆಸರು. ಹೊಲಿಗೆ ಶಾಲೆಯ ಈ ಟೀಚರು ಊಟಕ್ಕೆ ಕೂತಾಗಲೂ ಕೊರಳಿನ ಟೇಪು ತೆಗೆಯುತ್ತಿರಲಿಲ್ಲ. ಹಾಗಂತ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮನಸಾರೆ ಬೈದು ಹಗುರಾಗಬಹುದಿತ್ತು. ಆ ಸುಖವೂ ಹುಡುಗಿಯ ಹಣೆಯಲ್ಲಿ ಬರೆದಿರಲಿಲ್ಲ.

"ಇದನ್ನ ನೀನೇ ಹೊಲಿದೆ ಅಂತ ನಾನು ಹೇಗೆ ನಂಬ್ಲಿ? ಹಿಂದೆ ಒಬ್ಬ ಅಂಗಡಿ ಕೋಟು ತಂದು ನಂದೇ ಅಂತ ಇಟ್ಟಿದ್ದ."

"ನಾನೇ ಹೊಲಿದಿದ್ದು. ಮೊದ್ಲು ಬಟ್ಟೆ ಕತ್ತರಿಸಿದೆ, ಆಮೇಲೆ ಅಂದಾಜಿನ ಮೇಲೆ ಕಾಗದ ಬರೆದೆ."

"ಆಮೇಲೆ?" ಟೇಪಮ್ಮ ಕನ್ನಡಕ ತೆಗೆದರು. "ಮನೆ ಕಟ್ಟಿ ಆದ್ಮೇಲೆ ಯಾರಾದ್ರೂ ನಕ್ಷೆ ಬರೀತಾರಾ?"

ಅವಳ ಅಮ್ಮ ಇಪ್ಪತ್ತೇಳು ವರ್ಷದಿಂದ ನಕ್ಷೆಯೇ ಇಲ್ಲದೆ ಕಟ್ಟುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಬಾಗಿಲು ದಾಟಿ ಬಂದವರು ಕುರ್ಚಿಯಲ್ಲಿ ಕೂರುವುದರೊಳಗೆ ಅವರ ಎದೆ, ಹೆಗಲು, ತೋಳು ಎಲ್ಲ ಅಮ್ಮನ ಕಣ್ಣಿಗೆ ಬಂದುಬಿಡುತ್ತಿತ್ತು. ಆಮೇಲೆ ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ ಮಾತ್ರ. 'ಎರಡು ಹೆಗಲೂ ಒಂದೇ ಸಮ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲ' ಅನ್ನುವುದು ಅವಳ ಮಾತು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕತ್ತರಿಸಿ ಕತ್ತರಿಸಿ ಅವಳ ಎರಡು ಮಂಡಿಯೂ ಹೋಗಿದ್ದವು.

ಹುಡುಗಿ ಇಪ್ಪತ್ತೆರಡನೆಯ ವಯಸ್ಸಿಗೆ ಒಬ್ಬಳೇ ವಿಮಾನ ಹತ್ತಿ ಈ ದೇಶಕ್ಕೆ ಬಂದದ್ದು ಆ ಮಂಡಿಗಳನ್ನು ನೋಡಿಯೇ. ಮೊದಲ ವರ್ಷ ಶಾಲೆಯವರು ಒಂದು ಕಾರ್ಖಾನೆ ತೋರಿಸಿದ್ದರು. ಅಲ್ಲಿ ಸೊಂಟದೆತ್ತರದ ಮೇಜು, ಮೇಜಿಗೊಂದು ಕಿಟಕಿ, ನಿಂತುಕೊಂಡೇ ಕತ್ತರಿಸುವ ಹೆಂಗಸರು. ಅವತ್ತೇ ಅವಳ ಮನಸ್ಸು ಆ ಮೇಜಿನ ಮೇಲೆ ಕೂತುಬಿಟ್ಟಿತು. ಕೋರ್ಸು ಪಾಸಾದರೆ ಆ ಕಾರ್ಖಾನೆಯವರು ಕೆಲಸದ ಪತ್ರ ಕೊಡುತ್ತಾರೆ, ಪತ್ರ ಇದ್ದರೆ ಈ ದೇಶದಲ್ಲಿ ಉಳಿಯಬಹುದು. ಇಲ್ಲದಿದ್ದರೆ ಒಂದು ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಎರಡು ವರ್ಷದ ಪಾಡೆಲ್ಲ ಈಗ ಒಂದು ಕೋಟಿನ ಎಡ ಹೆಗಲಿನ ಮೇಲೆ ನಿಂತಿತ್ತು.

"ಬಾಗಿಲು ಕಾಯೋ ಅಜ್ಜನ್ನ ಕರ್ಕೊಂಡು ಬರ್ತೀನಿ. ಕೋಟು ಅವ್ರ ಅಳತೆಗೇ ಹೊಲಿದಿದ್ದು. ಅವ್ರ ಹೆಗಲು ಅಳೆದು ನೋಡಿ. ಎಡಗಡೆ ತಗ್ಗಿದೆ."

"ನಾನು ಮಾರ್ಕ್ಸ್ ಕೊಡೋದು ಕೋಟಿಗೆ, ಅಜ್ಜನಿಗಲ್ಲ. ನಾಳೆ ಈ ಕಾಗದ ಇಟ್ಕೊಂಡು ಯಾರೋ ಎಲ್ಲೋ ಇನ್ನೂರು ಕೋಟು ಹೊಲೀತಾರೆ. ಇನ್ನೂರು ಜನಕ್ಕೂ ಎಡ ಹೆಗಲೇ ತಗ್ಗಿರುತ್ತಾ, ಹೇಳು."

ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ತಲೆಯಲ್ಲಿ ಹತ್ತು ಉತ್ತರ ಇದ್ದವು, ಹತ್ತೂ ಕನ್ನಡದಲ್ಲಿದ್ದವು. ಈ ಊರಿನ ಭಾಷೆಗೆ ಇಳಿಸುವಷ್ಟರಲ್ಲಿ ಎಂಟು ಜಾರಿಹೋಗಿ, ಉಳಿದ ಎರಡು ಅರ್ಧಕ್ಕೇ ಮುರಿದುಬಿದ್ದವು. ಕೊನೆಗೆ ಬಾಯಿಂದ ಬಂದದ್ದು "ಸರಿ ಮೇಡಂ" ಅನ್ನುವ ಹಾಳು ಮಾತು.

"ಶುಕ್ರವಾರದವರೆಗೆ ಟೈಮ್ ಕೊಡ್ತೀನಿ," ಎಂದರು ಟೇಪಮ್ಮ. "ಅರ್ಧ ಭಾಗ ಬರಿ, ಮಡಚಿ ಇನ್ನರ್ಧ ತೆಗಿ, ಪುಸ್ತಕದಲ್ಲಿ ಇರೋ ಹಾಗೆ. ಕೋಟೂ ಕಾಗದಾನೂ ತಾಳೆ ಆಗ್ಬೇಕು. ನಿನ್ನ ಕೈ ಒಳ್ಳೇದಿದೆ ಕಣಮ್ಮ, ಹಟ ಬಿಡು."

ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಹೊರಗೆ ಬಂದಾಗ ಬಾಗಿಲಜ್ಜ ತನ್ನ ಕುರ್ಚಿಯಿಂದ ಎದ್ದು ನಿಂತ. ಶಾಲೆಯ ಬಾಗಿಲು ಕಾಯುವ ಮುದುಕ ಅವನು. ಅದಕ್ಕೂ ಮೊದಲು ಮೂವತ್ತು ವರ್ಷ ಮನೆಮನೆಗೆ ಅಂಚೆಯ ಕಾಗದ ಹಂಚಿದವನು. ಕಾಗದದ ಚೀಲ ಹೊತ್ತೂ ಹೊತ್ತೂ ಎಡ ಹೆಗಲು ಇಳಿದುಹೋಗಿತ್ತು. ಮೊದಲ ದಿನ ಅವನು ಬಾಗಿಲು ತೆಗೆದಾಗಲೇ ಹುಡುಗಿಯ ಕಣ್ಣಿಗೆ ಬಿದ್ದದ್ದು ಆ ಹೆಗಲು. ಪರೀಕ್ಷೆಗೆ ಯಾರಾದರೊಬ್ಬರ ಅಳತೆಗೆ ಕೋಟು ಹೊಲಿಯಬೇಕು ಅಂದಾಗ ಉಳಿದವರು ಅಣ್ಣ, ತಮ್ಮ, ಗೆಳೆಯ ಅಂತ ಕರೆತಂದರು. ಈ ಊರಿನಲ್ಲಿ ಅವಳಿಗೆ ದಿನಾ "ಬಂದ್ಯಾ?" ಅಂತ ಕೇಳುತ್ತಿದ್ದವನು ಅವನೊಬ್ಬನೇ.

ಹೋದ ಶನಿವಾರ ಅಜ್ಜ ಕೋಟು ತೊಟ್ಟು ಮೊಗಸಾಲೆಯ ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿದ್ದ, ಇಳಿಸಿದ್ದ, ತಿರುಗಿದ್ದ. ಒಂದು ಸುಕ್ಕಿಲ್ಲ. "ಇಷ್ಟು ವರ್ಷ ಯಾವ ಕೋಟು ಹಾಕಿದ್ರೂ ಎಡಗಡೆ ಜಾರೋದು. ನಾನೇ ಸರಿ ಇಲ್ಲ ಅಂದ್ಕೊಂಡಿದ್ದೆ," ಎಂದಿದ್ದ. ಮೂರು ದಿನ ಅದನ್ನು ಮೈಯಿಂದ ಇಳಿಸಿರಲಿಲ್ಲ. ಇವತ್ತು ಬೆಳಿಗ್ಗೆ, ಮಧ್ಯಾಹ್ನ ವಾಪಸ್ ಕೊಡುತ್ತೇನೆ ಅಂತ ಹೇಳಿ ಅವಳೇ ಬಿಡಿಸಿಕೊಂಡು ಹೋಗಿದ್ದಳು.

"ಆಯ್ತಾ ಪರೀಕ್ಷೆ?" ಅಜ್ಜ ಕೈ ಚಾಚಿದ.

"ಇವತ್ತು ಕೊಡಕ್ಕಾಗಲ್ಲ ಅಜ್ಜ. ಬಿಚ್ಬೇಕು."

"ಬಿಚ್ಚೋದಾ? ಯಾಕೆ, ಸರಿಯಾಗೇ ಇದೆಯಲ್ಲ?"

"ಸರಿ ಇರೋದೇ ತಪ್ಪಂತೆ," ಎಂದು ಅವಳು ಸಿಡುಕಿದಳು. ಪಾಪ, ಅವನ ಮೇಲೆ ಯಾಕೆ ಸಿಡುಕಿದೆ ಅಂತ ಬಸ್ಸು ಹತ್ತಿದ ಮೇಲೆ ಬೇಜಾರಾಯಿತು.

ಬಾಡಿಗೆ ಕೋಣೆಗೆ ಬಂದವಳೇ ಅಮ್ಮನಿಗೆ ಫೋನು ಮಾಡಿದಳು. ಆ ಕಡೆಯಿಂದ ಮಿಷನ್ನಿನ ಸದ್ದು ಕೇಳುತ್ತಿತ್ತು. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಹೊಲಿಯುತ್ತಲೇ ಮಾತಾಡುವುದು ವಾಡಿಕೆ. ನಡೆದದ್ದನ್ನೆಲ್ಲ ಕೇಳಿ ಅವಳು ಪಕಪಕ ನಕ್ಕಳು.

"ಸರಿಯಾಗಿ ಕೂತಿರೋದನ್ನ ಯಾರಾದ್ರೂ ಬಿಚ್ತಾರೇನೇ? ನಿಮ್ಮ ಟೇಪಮ್ಮಂಗೆ ಹೇಳು, ನಮ್ಮಮ್ಮ ಹುಟ್ಟಿದಾಗಿಂದ ಹೆಗಲು ಬಿಚ್ಚಿಲ್ಲ ಅಂತ."

"ನಗ್ಬೇಡಮ್ಮ."

"ಮತ್ತಿನ್ನೇನು ಅಳ್ಬೇಕಾ? ಕುಣಿಯಕ್ಕೆ ಬರದವ್ರು ನೆಲ ಡೊಂಕು ಅಂದ್ರಂತೆ. ಕಣ್ಣಲ್ಲಿ ಅಳೆಯಕ್ಕೆ ಬರದವ್ರು—"

"ನಿಲ್ಸಮ್ಮ ಸಾಕು!" ಹುಡುಗಿಯ ದನಿ ಒಡೆಯಿತು. "ಕಣ್ಣು ಕಣ್ಣು ಅಂತ ಹೇಳ್ತೀಯಲ್ಲ, ಇಲ್ಲಿ ನಿನ್ನ ಕಣ್ಣಿಗೆ ಮೂರು ಕಾಸಿನ ಬೆಲೆ ಇಲ್ಲ. ನೂರಕ್ಕೆ ಹತ್ತೇ ಹತ್ತು ಮಾರ್ಕ್ಸ್ ಮೈಗೆ ಕೂರೋದಕ್ಕೆ. ಉಳಿದಿದ್ದೆಲ್ಲ ಕಾಗದಕ್ಕೆ. ನೀನು ನನಗೆ ಒಂದು ಗೆರೆ ಎಳೆಯೋದು ಕಲಿಸಿದ್ರೆ ಇವತ್ತು ಕಳ್ಳಿ ಥರ ನಿಂತ್ಕೋಬೇಕಾಗಿರ್ಲಿಲ್ಲ."

ಮಿಷನ್ನಿನ ಸದ್ದು ನಿಂತಿತು. ಆಡಿದ ಮಾತು, ಒಡೆದ ಮುತ್ತು. ಹುಡುಗಿ ತುಟಿ ಕಚ್ಚಿಕೊಂಡಳು.

"ನನಗೆ ಯಾರು ಕಲಿಸಿದ್ರು ಕಣೇ?" ಎಂದಳು ಅಮ್ಮ. ದನಿಯಲ್ಲಿ ಕೋಪ ಇರಲಿಲ್ಲ. "ನನ್ನ ಮಂಡಿ ಹೋಗಿದ್ದಕ್ಕೇ ನಿನ್ನ ಕಳಿಸಿದ್ದು, ಅಲ್ಲಿ ನೀನಾದ್ರೂ ನಿಂತ್ಕೊಂಡು ಕೆಲ್ಸ ಮಾಡ್ಲಿ ಅಂತ. ಬಿಚ್ಚು, ಹೋಗ್ಲಿ."

"ಅಮ್ಮಾ—"

"ಬ್ಲೇಡ್ ಹಾಕ್ಬೇಡ. ಸೂಜಿಮೊನೇಲಿ ಒಂದೊಂದೇ ಹೊಲಿಗೆ ಎತ್ತು, ಬಟ್ಟೆಗೆ ನೋವಾಗ್ಬಾರ್ದು. ಹೊಲಿಗೆ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟಿದೀಯಾ?"

"ಬಿಟ್ಟಿದೀನಿ."

"ಹಾಗಾದ್ರೆ ಎಡಗಡೆ ಎತ್ಬಹುದು. ಏನೂ ಆಗಲ್ಲ." ಮತ್ತೆ ಮಿಷನ್ನು ಶುರುವಾಯಿತು.

ಬುಧವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕೂತು ಅವಳು ಬಿಚ್ಚಿದಳು. ಒಳಪದರದ ಅಸ್ತರು, ತೋಳು, ಕಾಲರು, ಕೊನೆಗೆ ಹೆಗಲು. ತಾನೇ ಹಾಕಿದ ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಬಲಗಡೆಯ ತುಂಡನ್ನು ಕಾಗದದ ಮೇಲೆ ಹಾಸಿ ಸುತ್ತ ಗೆರೆ ಎಳೆದಳು. ಕಾಗದ ಮಡಚಿ ಇನ್ನರ್ಧ ತೆಗೆದಳು. ಪುಸ್ತಕದಲ್ಲಿದ್ದ ಹಾಗೆಯೇ ಚೆಂದವಾಗಿ ಬಂತು, ಅಷ್ಟು ಚೆಂದವಾಗಿ ಬಂದದ್ದೂ ಅವಳಿಗೆ ಸಿಟ್ಟು ತರಿಸಿತು. ಆಮೇಲೆ ಒಳಗೆ ಬಿಟ್ಟಿದ್ದ ಎರಡು ಬೆರಳು ಬಟ್ಟೆಯಿಂದ ಅರ್ಧ ಬೆರಳು ಹೊರಗೆಳೆದು ಎಡ ಹೆಗಲನ್ನು ಬಲದ ಸಮಕ್ಕೆ ತಂದು ಹೊಲಿದಳು.

ಅಳೆದು ನೋಡಿದರೆ ಎಡಗಡೆ ಮತ್ತೆ ತಗ್ಗು. ಕೈ ತನ್ನಷ್ಟಕ್ಕೆ ಹಳೆಯ ದಾರಿಯನ್ನೇ ಹಿಡಿದಿತ್ತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಕೂದಲೆಳೆಯಷ್ಟು ತಗ್ಗು. "ಥೂ, ನಿನ್ನ ಕೈ ಸೇದಿಹೋಗಾ" ಎಂದು ತನ್ನ ಕೈಗೆ ತಾನೇ ಶಾಪ ಹಾಕಿ, ಮೂರನೆಯ ಸಲ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಕಣ್ಣು ಕೀಳದೆ ಹೊಲಿದಳು. ಅಜ್ಜನ ಮೈಯನ್ನು ಒಂದು ಸಲವೂ ನೆನೆಯಲಿಲ್ಲ. ಆಗ ತಾಳೆಯಾಯಿತು.

ಶುಕ್ರವಾರ ಟೇಪಮ್ಮ ಕೋಟನ್ನು ತಲೆಯಿಲ್ಲದ ಬೊಂಬೆಗೆ ತೊಡಿಸಿದರು. ಬೊಂಬೆಗೆ ಎರಡು ಹೆಗಲೂ ಸಮ. ಕೋಟು ಅದಕ್ಕೇ ಹೊಲಿದಂತೆ ಕೂತಿತು. ಟೇಪಮ್ಮ ಅಳೆದರು, ಬರೆದರು, ಸಹಿ ಹಾಕಿದರು. ಮೈಗೆ ಕೂರುವುದಕ್ಕೆ ಹತ್ತಕ್ಕೆ ಹತ್ತು.

"ನೋಡಿದ್ಯಾ? ಅಷ್ಟೇ ಇದ್ದಿದ್ದು," ಎಂದು ಅವಳ ಬೆನ್ನು ತಟ್ಟಿದರು. ನಿಜವಾಗಿಯೂ ಸಂತೋಷದಿಂದಲೇ ತಟ್ಟಿದರು. "ಕಾರ್ಖಾನೆಗೆ ಇವತ್ತೇ ಫೋನ್ ಮಾಡ್ತೀನಿ."

ಎರಡು ವರ್ಷ ಕಾದ ಮಾತು ಅದು. ಕುಣಿದಾಡಬೇಕಿತ್ತು. ಅವಳು "ಥ್ಯಾಂಕ್ಸ್ ಮೇಡಂ" ಎಂದು ಕೋಟನ್ನು ಬೊಂಬೆಯಿಂದ ಬಿಡಿಸಿಕೊಂಡಳು.

ಅಜ್ಜ ಕೋಟು ತೊಟ್ಟ. ಎಡ ಹೆಗಲ ಕೆಳಗೆ ಬಟ್ಟೆ ಮಡಿಕೆಯಾಗಿ ನಿಂತಿತು. ಅವನು ಕನ್ನಡಿಯಲ್ಲಿ ನೋಡಿಕೊಂಡ, ಆ ಮಡಿಕೆಯನ್ನು ಕೈಯಿಂದ ಸವರಿದ, ಮತ್ತೊಮ್ಮೆ ಸವರಿದ. ಆಮೇಲೆ "ತುಂಬಾ ಚೆನ್ನಾಗಿದೆ" ಎಂದ. ಅಮ್ಮ ಫೋಟೋ ಕೇಳಿದ್ದಳು, ಅವಳು ಕಳಿಸಿದಳು. ಸಂಜೆ ಫೋನು ಬಂತು.

"ಪಾಸಾಯ್ತಲ್ಲ, ಬಿಡು," ಎಂದಳು ಅಮ್ಮ. ಆಮೇಲೆ "ಎಡಗಡೆ..." ಎಂದಳು.

"ಗೊತ್ತಮ್ಮ."

"ಬಟ್ಟೆ ಒಳಗಡೇನೇ ಇದೆ ತಾನೇ? ಕತ್ತರಿಸಿ ಬಿಸಾಕಿಲ್ವಲ್ಲ?"

"ಇದೆ."

"ಹಾಗಾದ್ರೆ ಕೆಲ್ಸ ಸಿಕ್ಕಿದ್ಮೇಲೆ ಸರಿ ಮಾಡ್ಕೊಡು. ಇನ್ಮೇಲೆ ಯಾರು ಕೇಳ್ತಾರೆ ನಿನ್ನ?"

ಆ ಮಾತನ್ನೇ ನೆಚ್ಚಿಕೊಂಡು ಅವಳು ಕಾರ್ಖಾನೆಗೆ ಸೇರಿದಳು. ಕಿಟಕಿ ಸಿಕ್ಕಿತು, ಸೊಂಟದೆತ್ತರದ ಮೇಜು ಸಿಕ್ಕಿತು. ಒಂದರ ಮೇಲೊಂದು ನಲವತ್ತು ಪದರ ಬಟ್ಟೆ, ಮೇಲೆ ಯಾರೋ ಬರೆದ ಕಾಗದ, ಅದರ ಅಂಚಿನುದ್ದಕ್ಕೂ ಕತ್ತರಿಸುವ ಮಿಷನ್ನು. ಯಾರಿಗೆ ಅಂತ ಕೇಳುವ ಹಾಗಿಲ್ಲ, ಕೇಳಿದರೆ ಹೇಳುವವರೂ ಇಲ್ಲ. ಸಂಜೆಗೆ ಮಂಡಿ ನೋಯುತ್ತಿರಲಿಲ್ಲ, ಅದೊಂದು ನಿಜ.

ಮೂರನೆಯ ವಾರ ಸರ್ಟಿಫಿಕೇಟು ತೆಗೆದುಕೊಳ್ಳಲು ಶಾಲೆಗೆ ಬಂದಾಗ ಅವಳ ಚೀಲದಲ್ಲಿ ಸೂಜಿ, ಕಡುನೀಲಿ ದಾರ, ಕತ್ತರಿ ಎಲ್ಲ ಇದ್ದವು. ಬಾಗಿಲಜ್ಜ ಕುರ್ಚಿಯಲ್ಲಿ ಕೂತಿದ್ದ, ಅದೇ ಕೋಟಿನಲ್ಲಿ. ಮಡಿಕೆ ಇದ್ದ ಜಾಗದಲ್ಲಿ ಬಟ್ಟೆ ಆಗಲೇ ಹೊಳಪು ಬಂದು ಸವೆಯಲು ಶುರುವಾಗಿತ್ತು.

"ಬಂದ್ಯಾ?" ಎಂದ.

"ಅಜ್ಜ, ಕೋಟು ಕೊಡಿ. ಒಂದೇ ಗಂಟೆ. ಇಲ್ಲೇ ಕೂತು ಎಡಗಡೆ ಸರಿ ಮಾಡ್ಕೊಡ್ತೀನಿ."

ಅಜ್ಜ ಎರಡೂ ಕೈಯಲ್ಲಿ ಕೋಟಿನ ಮುಂಭಾಗವನ್ನು ಹಿಡಿದುಕೊಂಡ. "ಅಯ್ಯೋ ಬೇಡಮ್ಮ. ಹೋದ್ಸಲಾನೂ ಮಧ್ಯಾಹ್ನ ಕೊಡ್ತೀನಿ ಅಂದಿದ್ದೆ."

"ಈ ಸಲ ಹಾಗಲ್ಲ. ಮೊದ್ಲು ಹೇಗಿತ್ತೋ ಹಾಗೆ ಮಾಡ್ತೀನಿ. ನನ್ನಾಣೆ."

"ಮೊದ್ಲಿಂದು ಹೋಯ್ತಲ್ಲ, ಬಿಡು. ನಿನ್ನ ಕೈಗೆ ಕೊಟ್ರೆ ಇನ್ನೇನಾಗಿ ಬರುತ್ತೋ ಯಾರಿಗೆ ಗೊತ್ತು?" ಅವನು ಹಾಸ್ಯಕ್ಕೇ ಅಂದದ್ದು, ಆದರೆ ಹಿಡಿದ ಕೈ ಬಿಡಲಿಲ್ಲ. "ನಂಗೀಗ ಅಭ್ಯಾಸ ಆಗಿದೆ. ಕಷ್ಟ ಏನಿಲ್ಲ. ಹೀಗೆ ಒಂಚೂರು ಎತ್ತಿ ಹಿಡ್ಕೊಂಡ್ರೆ ಆಯ್ತು, ನೋಡು."

ಅವನು ಎದ್ದು ನಿಂತು ಎಡ ಹೆಗಲನ್ನು ಎತ್ತಿದ. ಅರ್ಧ ಬೆರಳು, ಸರಿಯಾಗಿ ಅಷ್ಟೇ. ಮಡಿಕೆ ಮಾಯವಾಯಿತು. ಸೂಜಿಗಾಗಿ ಚೀಲದೊಳಗೆ ಹೋಗಿದ್ದ ಕೈಯನ್ನು ಅವಳು ಬರಿದಾಗಿಯೇ ಹೊರಗೆ ತೆಗೆದಳು.

"ಹೋಗು, ನಿಮ್ ಮೇಡಂ ಕಾಯ್ತಿದಾರೆ," ಎಂದು ಅಜ್ಜ ಬಲಗೈಯಲ್ಲಿ ಬಾಗಿಲು ತೆಗೆದು ಹಿಡಿದ. ಅವಳು ಒಳಗೆ ಹೋಗಿ, ಮೊಗಸಾಲೆಯ ಕೊನೆಯವರೆಗೆ ನಡೆದು, ತಿರುಗಿ ನೋಡಿದಳು. ಅಜ್ಜ ಇನ್ನೂ ಹೆಗಲು ಇಳಿಸಿರಲಿಲ್ಲ.